ಹಿಗ್ಗುವ ವಿಶ್ವದಲ್ಲಿ ಬೆಳಕು ಕಳೆದುಕೊಂಡ ಶಕ್ತಿ ಎಲ್ಲಿಗೆ ಹೋಯಿತು?

ಪ್ರಶ್ನೆ: ಸರ್, ನಾನು ಕಾರ್ಕಳ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಟೀಚರ್. ಮಕ್ಕಳನ್ನು ಪಿಲಿಕುಳದ ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಹಿಂದಿರುಗುವಾಗ ಬಸ್ಸಿನಲ್ಲಿ ವಿಶ್ವದ ಹಿಗ್ಗುವಿಕೆಯ ಮಾತು ಬಂತು. ವಿಶ್ವ ಹಿಗ್ಗಿದ ಹಾಗೆ ಬೆಳಕಿನ ಅಲೆಯೂ ಹಿಗ್ಗಿ ಅದರ ಶಕ್ತಿ ಕಡಿಮೆಯಾಗುತ್ತದೆ, ಆ ಹಿಗ್ಗುವಿಕೆಯನ್ನು ಚುರುಕುಗೊಳಿಸುವ ಕಪ್ಪುಶಕ್ತಿಯ (ಡಾರ್ಕ್ ಎನರ್ಜಿ) ಸಾಂದ್ರತೆ ಮಾತ್ರ ಇದ್ದ ಹಾಗೇ ಇರುತ್ತದೆ ಎಂದು ಹೇಳಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಹಾಗಾದ್ರೆ ಬೆಳಕು ಕಳ್ಕೊಂಡ ಶಕ್ತಿಯೇ ಕಪ್ಪುಶಕ್ತಿ ಆಗುವುದಾ ಟೀಚರ್? ಅಲ್ಲ ಅಂತಾದ್ರೆ, ಶಕ್ತಿಯನ್ನು ಹುಟ್ಟಿಸ್ಲಿಕ್ಕೂ ಆಗುವುದಿಲ್ಲ, ನಾಶ ಮಾಡ್ಲಿಕ್ಕೂ ಆಗುವುದಿಲ್ಲ ಅಂತ ನೀವೇ ಬರೆಸಿದ್ದಲ್ವಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಅವಳಿಗೆ ಏನು ಹೇಳಲಿ?

ಉತ್ತರ: ಮೊದಲು ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವರಲ್ಲೂ ಅನೇಕರು ಈ ಎರಡು ಪಾಠಗಳನ್ನು ಅಕ್ಕಪಕ್ಕ ಇಟ್ಟು ನೋಡಿರುವುದಿಲ್ಲ. ಅವಳು ಬಸ್ಸಿನಲ್ಲಿ ಕುಳಿತೇ ಅದನ್ನು ಮಾಡಿದ್ದಾಳೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಕು ಕಳೆದುಕೊಂಡ ಶಕ್ತಿ ಕಪ್ಪುಶಕ್ತಿಯಾಗುತ್ತಿಲ್ಲ. ಅದು ಬೇರೆಲ್ಲಿಗೂ ಹೋಗಿ ಸೇರುತ್ತಿಲ್ಲ. ಇಡೀ ವಿಶ್ವದ ಒಟ್ಟು ಶಕ್ತಿ ಎಂದೆಂದಿಗೂ ಒಂದೇ ಆಗಿರಬೇಕು ಎಂಬ ನಿಯಮ, ಹಿಗ್ಗುತ್ತಿರುವ ವಿಶ್ವಕ್ಕೆ ಅನ್ವಯಿಸುವುದೇ ಇಲ್ಲ. ಹಾಗೆಂದು ನೀವು ಬೋರ್ಡಿನ ಮೇಲೆ ಬರೆಸಿದ್ದು ಸುಳ್ಳಾಗುವುದಿಲ್ಲ. ಅದು ಎಲ್ಲಿ ಸತ್ಯ, ಯಾಕೆ ಸತ್ಯ ಎಂಬುದನ್ನು ನೋಡಬೇಕು. ಸ್ವಲ್ಪ ಉದ್ದದ ದಾರಿ ಇದು, ಲೆಕ್ಕದಿಂದಲೇ ಹೊರಡೋಣ.

ನಿಮ್ಮ ತರಗತಿಯ ಕೋಣೆಯಲ್ಲಿ ಒಂದು ಘನಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ವಿಶ್ವದಲ್ಲಿರುವುದನ್ನೆಲ್ಲ, ನಕ್ಷತ್ರ, ಅನಿಲ, ಬೆಳಕು ಹೊಮ್ಮಿಸದೆ ಸೆಳೆತದಿಂದ ಮಾತ್ರ ಗುರುತು ಸಿಗುವ ಕಪ್ಪುದ್ರವ್ಯ, ಕಪ್ಪುಶಕ್ತಿ, ಯಾವುದನ್ನೂ ಬಿಡದೆ ಒಂದೇ ಸಮನಾಗಿ ಹರಡಿದರೆ ಒಂದು ಘನಮೀಟರಿನ ಪಾಲಿಗೆ ಬರುವುದು ಐದು ಹೈಡ್ರೋಜನ್ ಪರಮಾಣುಗಳ ತೂಕದಷ್ಟು ಮಾತ್ರ. ಅದರಲ್ಲೂ ನಾವು, ನೀವು, ಮಣ್ಣು, ನೀರು ಆಗಿರುವ ಸಾಮಾನ್ಯ ದ್ರವ್ಯ ಶೇಕಡಾ 5ರಷ್ಟು. ಅಂದರೆ ನಾಲ್ಕು ಘನಮೀಟರ್ ಜಾಗಕ್ಕೆ ಒಂದೇ ಒಂದು ಪರಮಾಣು. ಕಪ್ಪುದ್ರವ್ಯ ಸುಮಾರು ಶೇಕಡಾ 27, ಉಳಿದ ಶೇಕಡಾ 68 ಕಪ್ಪುಶಕ್ತಿ. ಯುರೋಪಿನ ಪ್ಲಾಂಕ್ ಉಪಗ್ರಹದ ಅಳತೆಗಳಿಂದ ಬಂದ ಅಂಕಿಗಳಿವು.

ಈಗ ವಿಶ್ವದ ಜೊತೆಗೇ ಹಿಗ್ಗುವ ಒಂದು ಪೆಟ್ಟಿಗೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದರ ಬದಿಗಳ ಉದ್ದ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟಾಗುತ್ತದೆ. ಒಳಗಿದ್ದ ದ್ರವ್ಯ ಇದ್ದಷ್ಟೇ ಇರುತ್ತದೆ, ಸಾಂದ್ರತೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಇದರಲ್ಲಿ ಯಾವ ತೊಡಕೂ ಇಲ್ಲ. ಬೆಳಕಿನದು ಹಾಗಲ್ಲ. ಬೆಳಕಿನ ಕಣಗಳಾದ ಫೋಟಾನ್‌ಗಳ ಸಂಖ್ಯೆ ಅಷ್ಟೇ ಇದ್ದರೂ ಪ್ರತಿಯೊಂದರ ತರಂಗದೂರ ಎರಡು ಪಟ್ಟಾಗಿ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಸಾಂದ್ರತೆ ಹದಿನಾರನೇ ಒಂದು, ಪೆಟ್ಟಿಗೆಯ ಒಟ್ಟು ಬೆಳಕಿನ ಶಕ್ತಿ ಅರ್ಧ. ಕಪ್ಪುಶಕ್ತಿಯ ಸಾಂದ್ರತೆ ಬದಲಾಗುವುದಿಲ್ಲ, ಆದ್ದರಿಂದ ಪೆಟ್ಟಿಗೆಯೊಳಗಿನ ಅದರ ಒಟ್ಟು ಮೊತ್ತ ಎಂಟು ಪಟ್ಟು. ಒಂದು ಇದ್ದ ಹಾಗೇ ಇದೆ, ಒಂದು ಇಳಿದಿದೆ, ಒಂದು ಏರಿದೆ. ಇಳಿದದ್ದೇ ಏರಿತೇ ಎಂದು ಕೇಳುವುದು ಸಹಜ.

ಕೂಡಿ ಕಳೆದು ನೋಡೋಣ. ಒಂದು ಘನ ಕಿಲೋಮೀಟರ್ ಜಾಗ ತೆಗೆದುಕೊಳ್ಳಿ. ಇವತ್ತು ಅದರಲ್ಲಿರುವ ಕಪ್ಪುಶಕ್ತಿ ಸುಮಾರು ಅರ್ಧ ಜೂಲ್. ನೂರು ಗ್ರಾಂ ತೂಕವನ್ನು ಅರ್ಧ ಮೀಟರ್ ಮೇಲೆತ್ತಲು ಬೇಕಾಗುವಷ್ಟು ಶಕ್ತಿ ಅದು. ವಿಶ್ವವನ್ನೆಲ್ಲ ತುಂಬಿರುವ ಹಳೆಯ ಬೆಳಕು, ಅಂದರೆ 1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ ಮೈಕ್ರೋವೇವ್ ಹಿನ್ನೆಲೆ ವಿಕಿರಣ, ಅದೇ ಜಾಗದಲ್ಲಿ ಹೊಂದಿರುವುದು ಸುಮಾರು 0.00004 ಜೂಲ್. ಈ ಬೆಳಕು ತಡೆಯಿಲ್ಲದೆ ಹರಿಯಲು ಹೊರಟಾಗ ವಿಶ್ವದ ವಯಸ್ಸು ಸುಮಾರು 3.8 ಲಕ್ಷ ವರ್ಷ, ತಾಪ ಸುಮಾರು 3000 ಕೆಲ್ವಿನ್. ಇವತ್ತು ಅದು 2.725 ಕೆಲ್ವಿನ್. ಅಂದರೆ ಅಲೆಗಳು ಸುಮಾರು 1100 ಪಟ್ಟು ಹಿಗ್ಗಿವೆ, ಇದೇ ಫೋಟಾನ್‌ಗಳ ಬಳಿ ಆಗ ಇದ್ದ ಶಕ್ತಿ ಈಗಿನ 1100 ಪಟ್ಟು, ಸುಮಾರು 0.046 ಜೂಲ್. ಅಷ್ಟನ್ನೂ ಕಪ್ಪುಶಕ್ತಿಗೆ ಕೊಟ್ಟಿತು ಎಂದಿಟ್ಟುಕೊಂಡರೂ ಅರ್ಧ ಜೂಲಿನ ಹತ್ತನೇ ಒಂದು ಪಾಲೂ ತುಂಬುವುದಿಲ್ಲ.

ಹೊತ್ತೂ ಹೊಂದುವುದಿಲ್ಲ. ಆ ಬೆಳಕು ತನ್ನ ಶಕ್ತಿಯ ಅರ್ಧವನ್ನು ಮೊದಲ ಹತ್ತು ಲಕ್ಷ ವರ್ಷಗಳ ಆಸುಪಾಸಿನಲ್ಲೇ ಕಳೆದುಕೊಂಡಿತು. ಹತ್ತರಲ್ಲಿ ಒಂಬತ್ತು ಪಾಲು ಹೋಗುವಾಗ ವಿಶ್ವದ ವಯಸ್ಸು ಇನ್ನೂ ಎರಡು ಕೋಟಿ ವರ್ಷವೂ ಆಗಿರಲಿಲ್ಲ. ಕಪ್ಪುಶಕ್ತಿಯ ಪಾಲು ದೊಡ್ಡದಾದದ್ದು 1380 ಕೋಟಿ ವರ್ಷಗಳ ಈ ಕಥೆಯ ಕೊನೆಯ ಭಾಗದಲ್ಲಿ. ಹಿಗ್ಗುವಿಕೆಯ ವೇಗ ಇಳಿಯುವುದು ನಿಂತು ಏರತೊಡಗಿದ್ದು ಈಗ್ಗೆ ಐದಾರು ನೂರು ಕೋಟಿ ವರ್ಷಗಳ ಹಿಂದೆ. ಆ ಹುಡುಗಿ ಜಾಣೆ, "3.8 ಲಕ್ಷ ವರ್ಷಕ್ಕಿಂತಲೂ ಹಿಂದೆ ಹೋದರೆ?" ಎಂದು ಕೇಳಿಯೇ ಕೇಳುತ್ತಾಳೆ. ಹಿಂದೆ ಹೋದಷ್ಟೂ ಬೆಳಕಿನ ಶಕ್ತಿ ಹೆಚ್ಚುತ್ತಲೇ ಹೋಗುತ್ತದೆ, ಕಳೆದುಕೊಂಡ ಮೊತ್ತವನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದು. ಎಲ್ಲಿಂದ ಎಣಿಸಲು ತೊಡಗಿದೆವು ಎಂಬುದರ ಮೇಲೆ ಉತ್ತರ ಬದಲಾಗುವುದಾದರೆ, ಅದು ಎರಡರ ನಡುವಿನ ಕೊಡುಕೊಳ್ಳುವಿಕೆಯ ಲೆಕ್ಕ ಅಲ್ಲ.

ಹಾಗಾದರೆ ಬೆಳಕಿನ ಶಕ್ತಿ ಇಳಿದದ್ದು ಹೇಗೆ? ಇಲ್ಲಿ ನಮ್ಮ ಕರಾವಳಿಯವರಿಗೆ ಕಣ್ಣೆದುರೇ ಒಂದು ಉದಾಹರಣೆ ಇದೆ. ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಆಗುಂಬೆ, ಚಾರ್ಮಾಡಿಯ ಕಡೆ ಘಟ್ಟಕ್ಕೆ ಎದುರಾಗಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಆದ್ದರಿಂದ ಗಾಳಿ ಹಿಗ್ಗುತ್ತದೆ. ಹಿಗ್ಗುವಾಗ ಸುತ್ತಲಿನ ಗಾಳಿಯನ್ನು ಹೊರಗೆ ತಳ್ಳಬೇಕು, ಆ ಕೆಲಸಕ್ಕೆ ತನ್ನದೇ ಒಳಶಕ್ತಿಯನ್ನು ಖರ್ಚು ಮಾಡಿ ತಣ್ಣಗಾಗುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ, ಮೋಡಗಟ್ಟತೊಡಗಿದ ಮೇಲೆ ಅದಕ್ಕಿಂತ ಕಡಿಮೆ. ಘಟ್ಟದ ಮಳೆ ಹುಟ್ಟುವುದು ಈ ತಂಪಿನಿಂದ. ಇದರ ನಿಯಮ ಸರಳ: ಶಕ್ತಿಯಲ್ಲಾಗುವ ಇಳಿಕೆ ಎಂದರೆ ಒತ್ತಡವನ್ನು ಗಾತ್ರದ ಏರಿಕೆಯಿಂದ ಗುಣಿಸಿದಷ್ಟು.

ವಿಶ್ವದ ಬೆಳಕಿಗೂ ಇದೇ ನಿಯಮ, ಅಕ್ಷರಶಃ ಇದೇ ಸಮೀಕರಣ. ಬೆಳಕಿಗೆ ಒತ್ತಡವಿದೆ, ಅದು ಅದರ ಶಕ್ತಿಸಾಂದ್ರತೆಯ ಮೂರನೇ ಒಂದು. ಅದನ್ನು ಸೂತ್ರಕ್ಕೆ ಹಾಕಿದರೆ ಬದಿ ಎರಡು ಪಟ್ಟಾದಾಗ ಒಟ್ಟು ಶಕ್ತಿ ಸರಿಯಾಗಿ ಅರ್ಧ ಆಗುತ್ತದೆ. ದ್ರವ್ಯಕ್ಕೆ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಅದರ ಶಕ್ತಿ ಬದಲಾಗದು. ಕಪ್ಪುಶಕ್ತಿಯ ವಿಚಾರ ಅತ್ಯಂತ ಸ್ವಾರಸ್ಯದ್ದು. ಹಿಗ್ಗಿದರೂ ಸಾಂದ್ರತೆ ಇಳಿಯಬಾರದು ಎಂದಾದರೆ ಗಾತ್ರ ಏರಿದಂತೆ ಶಕ್ತಿಯೂ ಏರಬೇಕು, ಸೂತ್ರದ ಪ್ರಕಾರ ಅದಕ್ಕೆ ಇರುವ ದಾರಿ ಒಂದೇ: ಒತ್ತಡ ಋಣಾತ್ಮಕವಾಗಿರಬೇಕು, ಶಕ್ತಿಸಾಂದ್ರತೆಯಷ್ಟೇ ಇದ್ದು ಚಿಹ್ನೆ ಮಾತ್ರ ತಿರುಗಿರಬೇಕು. ಐನ್‌ಸ್ಟೈನರ ಸಿದ್ಧಾಂತದಲ್ಲಿ ಗುರುತ್ವಕ್ಕೆ ಕಾರಣ ಸಾಂದ್ರತೆ ಮಾತ್ರ ಅಲ್ಲ, ಒತ್ತಡದ ಮೂರು ಪಟ್ಟೂ ಅದಕ್ಕೆ ಸೇರುತ್ತದೆ. ಇಷ್ಟು ದೊಡ್ಡ ಋಣ ಒತ್ತಡ ಸೇರಿದರೆ ಮೊತ್ತವೇ ಋಣವಾಗಿ, ಹಿಗ್ಗುವಿಕೆ ತಗ್ಗುವ ಬದಲು ಚುರುಕಾಗುತ್ತದೆ. ದೂರದ ಸೂಪರ್ನೋವಾಗಳನ್ನು, ಅಂದರೆ ಸಿಡಿಯುವ ನಕ್ಷತ್ರಗಳನ್ನು, ಅಳೆದ ಎರಡು ತಂಡಗಳು 1998ರಲ್ಲಿ ಕಂಡದ್ದು ಈ ಚುರುಕನ್ನೇ. ಪರ್ಲ್‌ಮಟರ್, ಶ್ಮಿಟ್ ಮತ್ತು ರೀಸ್ ಅವರಿಗೆ 2011ರ ನೊಬೆಲ್ ಬಂದದ್ದು ಅದಕ್ಕಾಗಿ.

ಗಮನಿಸಿ, ಬೆಳಕು ಇಳಿದದ್ದು ತನ್ನದೇ ಒತ್ತಡದಿಂದ, ಕಪ್ಪುಶಕ್ತಿ ಏರಿದ್ದು ತನ್ನದೇ ಒತ್ತಡದಿಂದ. ಒಂದಕ್ಕೆ ಇನ್ನೊಂದರ ಹಂಗಿಲ್ಲ.

ಆದರೆ ಘಟ್ಟದ ಗಾಳಿಗೂ ವಿಶ್ವಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಪ್ರಶ್ನೆಯ ಗಂಟು ಇರುವುದು ಅಲ್ಲೇ. ಗಾಳಿ ತಣ್ಣಗಾದಾಗ ಅದರ ಶಕ್ತಿ ಸುತ್ತಲಿನ ಗಾಳಿಗೆ ಸೇರಿತು, ಅಳೆದು ತೋರಿಸಬಹುದು. ವಿಶ್ವಕ್ಕೆ ಸುತ್ತಲು ಎಂಬುದೇ ಇಲ್ಲ. ನಮ್ಮ ಪೆಟ್ಟಿಗೆಯ ಪಕ್ಕದಲ್ಲಿ ಅಂಥದೇ ಇನ್ನೊಂದು ಪೆಟ್ಟಿಗೆ, ಅದರೊಳಗೂ ಇಷ್ಟೇ ಒತ್ತಡ. ಅದೂ ಹಿಗ್ಗುತ್ತಿದೆ, ಅದರ ಬೆಳಕೂ ಇಷ್ಟೇ ಕಳೆದುಕೊಳ್ಳುತ್ತಿದೆ. ಯಾರೂ ಯಾರನ್ನೂ ತಳ್ಳುತ್ತಿಲ್ಲ, ಪಡೆದುಕೊಳ್ಳುವವರಿಲ್ಲ. ಬೆಳಕು ದಾರಿಯಲ್ಲಿ ದಣಿದು ಶಕ್ತಿ ಬಿಡುತ್ತದೆ ಎಂದು 1929ರಲ್ಲಿ ಫ್ರಿಟ್ಜ್ ಝ್ವಿಕಿ ಸೂಚಿಸಿದ್ದುಂಟು. ಅದು ನಿಜವಾಗಿದ್ದರೆ ದೂರದ ಸೂಪರ್ನೋವಾಗಳ ಬೆಳಕು ಕೆಂಪಾಗಬೇಕಿತ್ತು, ಆದರೆ ಅವು ಹೊಳೆದು ಮಂಕಾಗುವ ಅವಧಿ ಬದಲಾಗಬಾರದಿತ್ತು. ನಾವು ಕಾಣುವುದು ಆ ಅವಧಿಯೂ ಅಲೆ ಹಿಗ್ಗಿದಷ್ಟೇ ಪಟ್ಟು ಉದ್ದವಾಗಿರುವುದನ್ನು. ಹಿಗ್ಗುತ್ತಿರುವ ವಿಶ್ವದಲ್ಲಿ ಮಾತ್ರ ಹಾಗಾಗುತ್ತದೆ.

ಹಾಗಾದರೆ ನಿಯಮವೇ ಮುರಿಯಿತೇ? ಇದೇ ಪ್ರಶ್ನೆ ನೂರು ವರ್ಷಗಳ ಹಿಂದೆ ಜಗತ್ತಿನ ಅತಿ ದೊಡ್ಡ ಗಣಿತಜ್ಞರನ್ನೂ ಕಾಡಿತ್ತು, ಅದನ್ನು ಬಿಡಿಸಿದ್ದು ಒಬ್ಬ ಹೆಣ್ಣುಮಗಳು. ನಿಮ್ಮ ವಿದ್ಯಾರ್ಥಿನಿಗೆ ಈ ಭಾಗವನ್ನು ತಪ್ಪದೆ ಹೇಳಿ. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತಮ್ಮ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಪೂರ್ಣಗೊಳಿಸಿದರು. ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಡೇವಿಡ್ ಹಿಲ್ಬರ್ಟ್ ಮತ್ತು ಫೆಲಿಕ್ಸ್ ಕ್ಲೈನ್ ಅವರಿಗೆ ಆ ಸಿದ್ಧಾಂತದಲ್ಲಿ ಶಕ್ತಿ ಸಂರಕ್ಷಣೆ ಹಳೆಯ ರೂಪದಲ್ಲಿ ಕಾಣಿಸಲಿಲ್ಲ. ಅದೇ ವರ್ಷ ಅವರು ಎಮ್ಮಿ ನೋಯ್ತರ್ ಅವರನ್ನು ಗಟ್ಟಿಂಗೆನ್‌ಗೆ ಕರೆಸಿಕೊಂಡಿದ್ದರು. ಹೆಣ್ಣೆಂಬ ಕಾರಣಕ್ಕೆ ಅಧ್ಯಾಪಕಿಯ ಹುದ್ದೆ ಕೊಡಲು ವಿಶ್ವವಿದ್ಯಾಲಯ ಒಪ್ಪಲಿಲ್ಲ. ವರ್ಷಗಟ್ಟಲೆ ಸಂಬಳವಿಲ್ಲದೆ, ಹಿಲ್ಬರ್ಟರ ಹೆಸರಿನಲ್ಲಿ ಪ್ರಕಟವಾದ ತರಗತಿಗಳಲ್ಲಿ ಅವರು ಪಾಠ ಮಾಡಿದರು. 1918ರಲ್ಲಿ ಅವರ ಉತ್ತರ ಸಿದ್ಧವಾಯಿತು. ಗಟ್ಟಿಂಗೆನ್‌ನ ವಿಜ್ಞಾನ ಸಂಘದಲ್ಲಿ ಅದನ್ನು ಮಂಡಿಸಿದವರು ಕ್ಲೈನ್, ಯಾಕೆಂದರೆ ನೋಯ್ತರ್ ಅದರ ಸದಸ್ಯೆ ಆಗಿರಲಿಲ್ಲ. ಇಷ್ಟು ಆಳವಾದ ಪ್ರಮೇಯ ಭೌತಶಾಸ್ತ್ರದಲ್ಲಿ ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ. ಪಿಯುಸಿ ಪುಸ್ತಕಗಳಲ್ಲಿ ನ್ಯೂಟನ್ ಹೆಸರಿನ ಪಕ್ಕದಲ್ಲಿ ಈ ಹೆಸರೂ ಇರಬೇಕಿತ್ತು.

ನೋಯ್ತರ್ ತೋರಿಸಿದ್ದು ಇದು: ಒಂದು ವ್ಯವಸ್ಥೆ ನಿನ್ನೆ, ಇವತ್ತು, ನಾಳೆ ಒಂದೇ ಬಗೆಯಾಗಿದ್ದರೆ, ಅದರ ನಿಯಮಗಳೂ ಹಿನ್ನೆಲೆಯೂ ಕಾಲದೊಂದಿಗೆ ಬದಲಾಗದಿದ್ದರೆ, ಅದರಲ್ಲಿ ಒಂದು ಮೊತ್ತ ಬದಲಾಗದೆ ಉಳಿಯುತ್ತದೆ. ಆ ಮೊತ್ತಕ್ಕೇ ನಾವು ಶಕ್ತಿ ಎನ್ನುತ್ತೇವೆ. ವಾರಾಹಿ ನೀರು ಹೊಸಂಗಡಿಯ ಭೂಗತ ವಿದ್ಯುದಾಗಾರಕ್ಕೆ ಧುಮುಕುವುದನ್ನು ನೆನೆಯಿರಿ. ಭೂಮಿಯ ಸೆಳೆತ ರಾತ್ರಿ ಕಡಿಮೆ, ಹಗಲು ಹೆಚ್ಚು ಎಂದಿದ್ದರೆ, ರಾತ್ರಿ ಕಡಿಮೆ ಖರ್ಚಿನಲ್ಲಿ ನೀರನ್ನು ಮೇಲೆ ಪಂಪ್ ಮಾಡಿ ಹಗಲು ಕೆಳಗೆ ಬಿಟ್ಟು, ಪ್ರತಿದಿನ ಪುಕ್ಕಟೆ ವಿದ್ಯುತ್ ಪಡೆಯಬಹುದಿತ್ತು. ಹಾಗೆ ಆಗದಿರುವುದು ಸೆಳೆತ ಹೊತ್ತಿನಿಂದ ಹೊತ್ತಿಗೆ ಬದಲಾಗದಿರುವುದರಿಂದ. ಶಕ್ತಿ ಸಂರಕ್ಷಣೆ ಯಾರೋ ಮೇಲಿನಿಂದ ಹೊರಡಿಸಿದ ಆಜ್ಞೆ ಅಲ್ಲ, ಕಾಲ ಕಳೆದರೂ ಹಿನ್ನೆಲೆ ಬದಲಾಗದು ಎಂಬುದರ ಫಲ ಅದು.

ಇಡೀ ವಿಶ್ವದ ಮಟ್ಟಿಗೆ ಆ ಷರತ್ತೇ ಪೂರೈಸುವುದಿಲ್ಲ. ಅಲ್ಲಿ ಹಿನ್ನೆಲೆ ಎಂದರೆ ಎಲ್ಲವೂ ಇರುವ ಜಾಗ, ಆ ಜಾಗವೇ ಕಾಲ ಕಳೆದಂತೆ ಹಿಗ್ಗುತ್ತಿದೆ. ಅಲೆಕ್ಸಾಂಡರ್ ಫ್ರೀಡ್ಮನ್ 1922ರಲ್ಲಿ, ಜಾರ್ಜ್ ಲೆಮೈತ್ರ್ 1927ರಲ್ಲಿ ಸಮೀಕರಣಗಳಲ್ಲಿ ಕಂಡದ್ದು, 1929ರಲ್ಲಿ ಹಬಲ್ ಅಳತೆಗಳಿಂದ ತೋರಿಸಿದ್ದು ಇದನ್ನೇ. ಷರತ್ತು ಇಲ್ಲದ ಕಡೆ ಫಲವನ್ನು ನಿರೀಕ್ಷಿಸುವಂತಿಲ್ಲ. ಬದಲಾಗದೆ ಉಳಿಯಬೇಕಾದ ಒಟ್ಟು ಮೊತ್ತ ಅಲ್ಲಿಲ್ಲ.

ಸ್ಥಳೀಯವಾಗಿ ಮಾತ್ರ ನಿಯಮ ಕೂದಲೆಳೆಯಷ್ಟೂ ಅಲುಗಿಲ್ಲ. ಯಾವುದೇ ಸಣ್ಣ ಜಾಗದಲ್ಲಿ, ಸಣ್ಣ ಅವಧಿಯಲ್ಲಿ ಶಕ್ತಿ ಹಾಗೆಯೇ ಮಾಯವಾಗುವುದಿಲ್ಲ, ಹಾಗೆಯೇ ಉಂಟಾಗುವುದೂ ಇಲ್ಲ. ಒತ್ತಡ ಮತ್ತು ಗಾತ್ರದ ಆ ಸೂತ್ರ ಹುಟ್ಟುವುದೇ ಈ ಸ್ಥಳೀಯ ನಿಯಮದಿಂದ. ಹೀಗೆ ಪ್ರತಿ ಬಿಂದುವಿನಲ್ಲೂ ಪಾಲನೆಯಾಗುವ ನಿಯಮವೇ ವಿಶ್ವದ ಒಟ್ಟು ಬೆಳಕಿನ ಶಕ್ತಿ ಎಷ್ಟು ಇಳಿಯಬೇಕು ಎಂಬುದನ್ನು ನಿಖರವಾಗಿ ಹೇಳುತ್ತದೆ. ಭೂಮಿ, ಸೂರ್ಯ, ನಮ್ಮ ಗೆಲಾಕ್ಸಿ ತಮ್ಮದೇ ಬಲಗಳಿಂದ ಬಿಗಿದುಕೊಂಡಿವೆ, ಅವು ವಿಶ್ವದ ಜೊತೆ ಹಿಗ್ಗುತ್ತಿಲ್ಲ. ಗೆಲಾಕ್ಸಿಗಳ ನಡುವಿನ ಖಾಲಿಯಲ್ಲಿ ಹರಿಯುವ ಬೆಳಕಿಗಾದರೂ ಒಂದು ವರ್ಷದಲ್ಲಿ ಆಗುವ ಇಳಿಕೆ ಸುಮಾರು 1400 ಕೋಟಿಯಲ್ಲಿ ಒಂದು ಪಾಲು. ಶಾಲೆಯ ಪ್ರಯೋಗಾಲಯದಲ್ಲಿ ನಿಯಮವನ್ನು ಪೂರ್ತಿ ನಂಬಬಹುದು.

ಕೆಲವು ಪುಸ್ತಕಗಳಲ್ಲಿ ಇನ್ನೊಂದು ಉತ್ತರ ಸಿಗುತ್ತದೆ: ಗುರುತ್ವದ ಶಕ್ತಿ ಋಣಾತ್ಮಕ, ಅದನ್ನೂ ಸೇರಿಸಿದರೆ ಎಲ್ಲ ಸೊನ್ನೆ, ಆದ್ದರಿಂದ ಏನೂ ಕಳೆದಿಲ್ಲ. ಗಣಿತದಲ್ಲಿ ಹಾಗೆ ಬರೆಯಲು ಸಾಧ್ಯ, ಒಳ್ಳೆಯ ಭೌತವಿಜ್ಞಾನಿಗಳೂ ಹಾಗೆ ಹೇಳುತ್ತಾರೆ. ನನಗೆ ಅದು ಸಮಾಧಾನ ಕೊಡುವುದಿಲ್ಲ. ಐನ್‌ಸ್ಟೈನರ ಸಿದ್ಧಾಂತದಲ್ಲಿ ಗುರುತ್ವದ ಶಕ್ತಿ ಇಂಥ ಘನಮೀಟರಿನಲ್ಲಿ ಇಷ್ಟಿದೆ ಎಂದು ಎಲ್ಲ ವೀಕ್ಷಕರೂ ಒಪ್ಪುವಂತೆ ಹೇಳಲು ಬರುವುದಿಲ್ಲ. ಕೊರತೆ ಎಷ್ಟಾಯಿತೋ ಅಷ್ಟನ್ನು ಅಲ್ಲಿ ಬರೆದು ಸರಿದೂಗಿಸಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ, ಆದರೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಮಕ್ಕಳಿಗೆ ನೋಯ್ತರರ ಉತ್ತರವನ್ನೇ ಹೇಳುವುದು ಒಳ್ಳೆಯದು.

ನಮ್ಮ ದೇಶದ ಒಬ್ಬರ ಹೆಸರನ್ನೂ ಇಲ್ಲಿ ಹೇಳಬೇಕು. 1948ರಲ್ಲಿ ಫ್ರೆಡ್ ಹಾಯ್ಲ್, ಬಾಂಡಿ ಮತ್ತು ಗೋಲ್ಡ್ ಎಂಬವರು, ವಿಶ್ವ ಹಿಗ್ಗಿದರೂ ದ್ರವ್ಯದ ಸಾಂದ್ರತೆ ಬದಲಾಗದು, ಹೊಸ ದ್ರವ್ಯ ಸದಾ ಹುಟ್ಟುತ್ತಿರುತ್ತದೆ ಎಂಬ ಸಿದ್ಧಾಂತ ಮುಂದಿಟ್ಟರು. ಒಂದು ಘನಮೀಟರಿನಲ್ಲಿ ನೂರು ಕೋಟಿ ವರ್ಷಕ್ಕೆ ಸುಮಾರು ಒಂದು ಪರಮಾಣು ಹುಟ್ಟಿದರೆ ಸಾಕು. ಆ ಪರಮಾಣುವಿಗೆ ಶಕ್ತಿ ಎಲ್ಲಿಂದ ಎಂಬ ಪ್ರಶ್ನೆ ಆಗಲೂ ಎದ್ದಿತು. ಕೊಲ್ಹಾಪುರದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಹಾಯ್ಲ್ ಅವರ ಶಿಷ್ಯರಾಗಿದ್ದ ಜಯಂತ ನಾರ್ಳೀಕರ್, 1960ರ ದಶಕದಲ್ಲಿ ಗುರುವಿನೊಂದಿಗೆ ಸೇರಿ ಋಣಶಕ್ತಿ ಇರುವ ಒಂದು ಸೃಷ್ಟಿಕ್ಷೇತ್ರವನ್ನು ಕಲ್ಪಿಸಿದರು. ದ್ರವ್ಯ ಹುಟ್ಟಿದಷ್ಟೂ ಆ ಕ್ಷೇತ್ರ ಇನ್ನಷ್ಟು ಋಣಕ್ಕೆ ಇಳಿಯುತ್ತದೆ, ಸಂರಕ್ಷಣೆ ಉಳಿಯುತ್ತದೆ. 1965ರ ಮೈಕ್ರೋವೇವ್ ವಿಕಿರಣ ಆ ವಿಶ್ವಚಿತ್ರಕ್ಕೆ ದೊಡ್ಡ ಹೊಡೆತ ಕೊಟ್ಟಿತು. ಆದರೆ ಹಿಗ್ಗಿದರೂ ಇಳಿಯದ ಸಾಂದ್ರತೆ, ಅದಕ್ಕೆ ಬೇಕಾದ ಋಣ ಒತ್ತಡ ಎಂಬ ವಿಚಾರಗಳು 1998ರ ನಂತರ ಕಪ್ಪುಶಕ್ತಿಯ ರೂಪದಲ್ಲಿ ಮತ್ತೆ ಮುಂಚೂಣಿಗೆ ಬಂದವು. ನಾರ್ಳೀಕರ್ 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ತೀರಿಕೊಂಡರು. ಶಾಲಾ ಮಕ್ಕಳ ಪ್ರಶ್ನೆಗಳಿಗೆ ಅವರು ಕೊಡುತ್ತಿದ್ದ ಬೆಲೆ ದೊಡ್ಡದು.

ಇನ್ನು ತರಗತಿಯಲ್ಲಿ ಏನು ಮಾಡಬಹುದು ಎಂಬುದು. ನೋಟ್ಸಿನಲ್ಲಿರುವ ವಾಕ್ಯ ಹಾಗೆಯೇ ಇರಲಿ. ಅದರ ಕೆಳಗೆ, "ಹಿನ್ನೆಲೆ ಕಾಲದೊಂದಿಗೆ ಬದಲಾಗದಿದ್ದರೆ" ಎಂದು ಒಂದು ಸಾಲು ಸೇರಿಸಿ. ಆಮೇಲೆ ಬೋರ್ಡಿನ ಮೇಲೆ ದ್ರವ್ಯ, ಬೆಳಕು, ಕಪ್ಪುಶಕ್ತಿ ಎಂದು ಮೂರು ಸಾಲು ಬರೆದು, ಪೆಟ್ಟಿಗೆಯ ಬದಿ ಎರಡು ಪಟ್ಟಾದರೆ, ಹತ್ತು ಪಟ್ಟಾದರೆ ಸಾಂದ್ರತೆ ಎಷ್ಟು, ಮೊತ್ತ ಎಷ್ಟು ಎಂದು ಮಕ್ಕಳಿಂದಲೇ ತುಂಬಿಸಿ. ಒಂಬತ್ತನೇ ತರಗತಿಯ ಗಣಿತ ಇದಕ್ಕೆ ಧಾರಾಳ ಸಾಕು. ಹತ್ತು ಪಟ್ಟಿನ ಸಾಲಿನಲ್ಲಿ ಬೆಳಕಿನ ಸಾಂದ್ರತೆ ಹತ್ತು ಸಾವಿರದಲ್ಲಿ ಒಂದಾಗಿ, ದ್ರವ್ಯದ್ದು ಸಾವಿರದಲ್ಲಿ ಒಂದಾಗಿರುವುದನ್ನು ನೋಡಿದಾಗ, ಮೊದಲ ಐವತ್ತು ಸಾವಿರ ವರ್ಷಗಳಷ್ಟು ಕಾಲ ವಿಶ್ವದಲ್ಲಿ ಬೆಳಕಿನದೇ ಕಾರುಬಾರು ಯಾಕಿತ್ತು, ಆಮೇಲೆ ದ್ರವ್ಯ ಯಾಕೆ ಮೇಲುಗೈ ಪಡೆಯಿತು ಎಂಬುದೂ ಅವರಿಗೇ ಹೊಳೆಯುತ್ತದೆ.

ಕಪ್ಪುಶಕ್ತಿಯ ಸಾಲನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಸಿ. ಅಮೆರಿಕದ ಅರಿಝೋನಾದ ಕಿಟ್ ಪೀಕ್‌ನಲ್ಲಿರುವ ಡೆಸಿ ಎಂಬ ಉಪಕರಣದಿಂದ ಲಕ್ಷಾಂತರ ಗೆಲಾಕ್ಸಿಗಳನ್ನು ಅಳೆದ ತಂಡ, 2024 ಮತ್ತು 2025ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಕಪ್ಪುಶಕ್ತಿ ಕಾಲ ಕಳೆದಂತೆ ಸ್ವಲ್ಪ ಕುಗ್ಗುತ್ತಿರಬಹುದು ಎಂಬ ಸುಳಿವು ಇದೆ. ಸುಳಿವು ಅಷ್ಟೇ, ಇನ್ನೂ ಖಚಿತವಾಗಿಲ್ಲ. ಖಚಿತವಾದರೆ "ಎಂಟು ಪಟ್ಟು" ಎಂದು ಬರೆದ ಕಡೆ ಬೇರೆ ಅಂಕಿ ಬರುತ್ತದೆ. ಒತ್ತಡಕ್ಕೆ ಹೊಸ ಬೆಲೆ ಹಾಕಿ ಅದೇ ಸೂತ್ರದಿಂದ ಆ ಅಂಕಿಯನ್ನು ಕಂಡುಹಿಡಿಯಲು ಆ ಹುಡುಗಿಗೆ ಬರುತ್ತದೆ.